ವಿಂಗರ್ ವಾನೆಸ್ ತಾತನಿಗೆ, ಶನಿವಾರದ ಪಂದ್ಯಕ್ಕೆ ಮುನ್ನ

೩೦ ಫೆಬ್ರವರಿ ೨೧೯೧
ಫ್ಲಾಂಡರ್ಸ್ ಕರಾವಳಿ, ಬೆಲ್ಜಿಯಂ

ಪೂಜ್ಯ ವಾನೆಸ್ ಬೊಸ್ಕಾರ್ಟ್ ತಾತನವರಿಗೆ,

ತಾರೀಖು ನೋಡಿ ನಗಬೇಡಿ. ಪಂದ್ಯಗಳನ್ನು ತುರುಕಲು ವರ್ಷ ಸಾಲದೆ ಫುಟ್‌ಬಾಲ್ ಲೀಗಿನವರು ಫೆಬ್ರವರಿಯನ್ನು ಜಗ್ಗಿ ಉದ್ದ ಮಾಡಿದ್ದಾರೆ. ನಾನು ನಿಮ್ಮಿಂದ ಐದನೆಯ ತಲೆಮಾರಿನವಳು, ಅರವತ್ತು ದಾಟಿದವಳು. ಇದು ಕೈಸೇರುವಾಗ ನಿಮಗಿನ್ನೂ ಮೂವತ್ತು ತುಂಬಿರುವುದಿಲ್ಲ. ಮಗನ ವಯಸ್ಸಿನವನನ್ನು ತಾತ ಎಂದು ಕರೆದು ಬೈಯುವ ಯೋಗ ನನ್ನದು. ಕಾಲದಲ್ಲಿ ಹಿಂದಕ್ಕೆ ಹೋಗುವ ನಮ್ಮ ಹಿಂದಂಚೆಗೆ ಒಂದೇ ಹಾಳೆ ಹಾಕಬಹುದು. ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಬೈಗುಳವೇನೋ ನಿಮ್ಮ ಕಾಲದ್ದೇ.

ಇಲ್ಲಿ ದೊಡ್ಡ ಪಂದ್ಯಗಳನ್ನು ಆಡುವವರು ಮನುಷ್ಯರಲ್ಲ, ಅಚ್ಚಾಳುಗಳು: ಎಂದೋ ಆಡಿದವರ ಓಟದ ಅಚ್ಚು ತೆಗೆದು, ಬೆಳಕಿನಲ್ಲಿ ಎರಕ ಹೊಯ್ದು ಹುಲ್ಲಿನ ಮೇಲೆ ಬಿಟ್ಟ ಆಕೃತಿಗಳು. ಭಾನುವಾರ ನಾವು ದೋಣಿಟ್ರಾಮ್ ಹತ್ತುತ್ತೇವೆ; ಹಳಿಗಳು ಸಮುದ್ರದ ಪಾಲಾದ ಮೇಲೆ ಟ್ರಾಮು ಈಜು ಕಲಿತಿದೆ. ಕೈಯಲ್ಲಿ ಕಡಲಪಾಚಿಯ ಫ್ರೈಸ್, ಮೇಲೆ ಮೇಯನೇಸ್. ಡಚ್ ಮಾತಿನವರೂ ಫ್ರೆಂಚ್ ಮಾತಿನವರೂ ಕಿಟಕಿ ಸೀಟಿಗೆ ಜಗಳವಾಡುತ್ತಾರೆ. ಅಷ್ಟರ ಮಟ್ಟಿಗೆ ದೇಶ ಕ್ಷೇಮವಾಗಿದೆ. ಸ್ಟೇಡಿಯಂ ಸೇರಿದರೆ ಎಡ ಅಂಚಿನಲ್ಲಿ ನೀವು ಓಡುತ್ತಿರುತ್ತೀರಿ. ಸತ್ತು ಶತಮಾನ ಕಳೆದರೂ ನಿಮಗೆ ನಿವೃತ್ತಿಯಿಲ್ಲ. ರೆಕ್ಕೆ ನಿಮ್ಮದು, ಪುಕ್ಕಟೆ ಹಾರಾಟ ಕ್ಲಬ್ಬಿನದು.

ನನ್ನ ಹೊಟ್ಟೆ ಉರಿಯುವುದು ದ್ವಿತೀಯಾರ್ಧದಲ್ಲಿ. ಎದುರಾಳಿಯನ್ನು ತಪ್ಪಿಸಿ ಒಳಕ್ಕೆ ತಿರುಗುತ್ತೀರಿ, ಮುಖ ಕಿವುಚಿ ಮಂಡಿ ಹಿಡಿಯುತ್ತೀರಿ, ಆಮೇಲೆ ಅಂಚಿನಾಚೆ ನೋಡಿ ನಗುತ್ತ ಕೈ ಬೀಸುತ್ತೀರಿ. ಅಲ್ಲಿ ಯಾರೂ ಇಲ್ಲ. ಅಚ್ಚು ತೆಗೆದ ಪಂದ್ಯದಲ್ಲಿ ಅಲ್ಲಿಂದ ಫಿಸಿಯೋ ಚೀಲ ಹಿಡಿದು ಓಡಿಬಂದಿದ್ದಳು. ತಂಡದಲ್ಲಿ ಜಾಗ ಹೋದೀತೆಂಬ ಭಯಕ್ಕೆ, ಏನೂ ಆಗಿಲ್ಲವೆಂದು ನೀವು ಅವಳನ್ನು ಅಟ್ಟಿದಿರಿ. ಮುದುಕರಾದ ಮೇಲೆ ಇದನ್ನು ಮಕ್ಕಳಿಗೆ ನೀವೇ ಹೇಳಿದಿರಂತೆ; ಆ ಮಾತು ನಮ್ಮ ಮನೆಯಲ್ಲಿ ಉಳಿದಿದೆ. ಮರುಕ್ಷಣವೇ ಚೆಂಡನ್ನು ಬಲೆಗೆ ಸೇರಿಸಿದಿರಿ. ಗೋಲು ನಿಮ್ಮದು, ಗೋಳು ನಮ್ಮದು. ಕೈ ಬೀಸಿದ್ದು ತಮಗೇ ಎಂದುಕೊಂಡು ಜನ ಎದ್ದು ನಿಲ್ಲುತ್ತಾರೆ. “ನಮ್ ವಾನೆಸ್ ಟಾಟಾ ಮಾಡ್ದ ನೋಡ್ರೋ!” ಎಂದು ಹಿಂದಿನ ಸಾಲಿನವನು ನನ್ನ ಭುಜದ ಮೇಲೆ ಮೇಯನೇಸ್ ಚೆಲ್ಲುತ್ತಾನೆ.

ಆ ನೋವನ್ನಾದರೂ ಅಳಿಸಿ ಎಂದು ಕ್ಲಬ್ಬಿನ ಮ್ಯಾನೇಜರನನ್ನು ಕೇಳಿದೆ.

“ಬೆಳಕಿಗೆಲ್ಲಿಯ ನೋವು, ಮೇಡಂ?”

“ಮತ್ತೆ ಮುಖ ಯಾಕೆ ಹಾಗ್ ಮಾಡ್ತಾರೆ?”

“ಅದೇ ಅವರ ಸ್ಟೈಲು! ನಮ್ಮ ಶಾಲೆಯ ಮಕ್ಕಳಿಗೂ ಅದನ್ನೇ ಕಲಿಸ್ತಿದೀವಿ.”

ಕಲಿಸಿದರು, ತಾತ. ನನ್ನ ಮೊಮ್ಮಗಳು ಫೆನ್ನಾಗೆ ಹನ್ನೊಂದು ವರ್ಷ. ಮಕ್ಕಳಿನ್ನೂ ಸ್ವಂತ ಕಾಲಿನಲ್ಲೇ ಆಡುತ್ತಾರೆ. ಹೋದ ವಾರ ಅವಳ ಮಂಡಿ ತಿರುಚಿತು. ಡಾಕ್ಟರು ಓಡಿಬಂದರು. ಇವಳು ನಗುತ್ತ, ಥೇಟ್ ನಿಮ್ಮ ಹಾಗೆ, ಕೈ ಬೀಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಂದ್ಯ ಮುಗಿಯುವವರೆಗೂ ಹರಿದ ಸ್ನಾಯುವಿನ ಮೇಲೆ ಓಡಿದಳು. ಈಗ ಮಂಚದ ಮೇಲಿದ್ದಾಳೆ. ಕಾಲು ಊದಿ ದಿಂಬಾಗಿದೆ. ನೋಯುತ್ತಿದೆಯೇ ಎಂದರೆ ಇಲ್ಲವೆನ್ನುತ್ತಾಳೆ, ಬೊಸ್ಕಾರ್ಟ್ ಮನೆತನದವರಿಗೆ ನೋಯುವುದಿಲ್ಲವಂತೆ. ಕಾಲ ಕೆಟ್ಟಿತೆಂದು ಜನ ಗೊಣಗುತ್ತಾರೆ. ನಮ್ಮ ಮನೆಯಲ್ಲಿ ಕೆಟ್ಟದ್ದು ಕಾಲು, ಅದೂ ನಿಮ್ಮಿಂದ.

ಈ ಪತ್ರ ಕೈಸೇರಿದ ಮೇಲೆ ಬರುವ ಶನಿವಾರ ನಿಮಗೆ, ಓಟವನ್ನು ದಾಖಲಿಸುವ ಮಣಿಗಳನ್ನು ಹೊಲಿದ ಬನಿಯನ್ನು ತೊಡಿಸುತ್ತಾರೆ. ಹೊಸ ಬೂಟಿನ ಅಳತೆಗೆ ಎನ್ನುತ್ತಾರೆ. ಅಚ್ಚು ತೆಗೆಯುವುದು ಆ ದಿನವೇ. ಮಂಡಿ ಹಿಡಿದುಕೊಂಡಾಗ ಆ ಹೆಣ್ಣುಮಗಳು ಓಡಿಬರುತ್ತಾಳೆ. ಅಟ್ಟಬೇಡಿ. ಹುಲ್ಲಿನ ಮೇಲೆ ಕೂತುಬಿಡಿ. ಆ ಗೋಲು ಬರುವುದಿಲ್ಲ, ನಿಮ್ಮ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಮುಂದಿನ ವರ್ಷ ನಿಮಗೆ ಸಿಗಬೇಕಾದ ರಾಷ್ಟ್ರೀಯ ತಂಡದ ಕೆಂಪಂಗಿ ಅವನ ಮೈಮೇಲಿರುತ್ತದೆ. ಇದನ್ನು ಮುಚ್ಚಿಟ್ಟು ಬೇಡಿಕೊಳ್ಳುವಷ್ಟು ಕಪಟಿ ನಾನಲ್ಲ. ನೀವು ಕಳೆದುಕೊಳ್ಳುವುದು ದೊಡ್ಡದು, ಗೊತ್ತಿದ್ದೇ ಕೇಳುತ್ತಿದ್ದೇನೆ.

ಕೂತು, ನೋಯುತ್ತಿದೆ ಎಂದು ಗಟ್ಟಿಯಾಗಿ ಹೇಳಿ. ಹಲ್ಲು ಕಚ್ಚಬೇಡಿ, ನಗಬೇಡಿ. ಅವರು ಅಚ್ಚು ತೆಗೆಯುವುದಾದರೆ ಅದನ್ನೇ ತೆಗೆಯಲಿ. ನನ್ನ ಫೆನ್ನಾ ಭಾನುವಾರಗಳಲ್ಲಿ ಅದನ್ನು ನೋಡಿ ಬೆಳೆಯಲಿ.

ಸಿಟ್ಟು ಇನ್ನೂ ಇಳಿಯದ, ಆದರೂ ನಿಮ್ಮವಳೇ,
ಮಾರ್ಲೀಸ್ ಬೊಸ್ಕಾರ್ಟ್