ಗವಿಯ ಉಸಿರು ನಿಂತಾಗ

ಟ್ರುಂಗ್ ಅಣ್ಣನಿಗೆ ಥೋವಾಳ ನಮಸ್ಕಾರ.

ಗವಿಯ ಉಸಿರಿನ ಮಾತನ್ನು ನನಗೆ ಮೊದಲು ಹೇಳಿದವರು ನನ್ನ ಅಪ್ಪ, ದೊಡ್ಡ ನೆರೆ ಬಂದ ವರ್ಷ. ಅಗರು ಮರ ಹುಡುಕುತ್ತ ಅವರು ಈ ಫೊಂಗ್ ನ್ಹಾ ಕಾಡಿನ ಗವಿಗಳಲ್ಲೇ ಮಲಗುತ್ತಿದ್ದರು. "ಗವಿ ಉಸಿರು ಬಿಡ್ತಿದ್ರೆ ಒಳಗೆ ಹೋಗು ಮಗಳೇ. ಉಸಿರು ನಿಂತ್ರೆ, ಒಳಗಿನ ಹೊಳೆ ಏರಿ ಆಚೆ ಬಾಯಿ ಮುಚ್ಚಿದೆ ಅಂತ ತಿಳ್ಕೊ."

ನಿನ್ನೆ ಸಂಜೆ ಗವಿಯ ಬಾಯಲ್ಲಿ ತಣ್ಣನೆ ಗಾಳಿ ಇರಲಿಲ್ಲ. ಅದನ್ನು ತಿಳಿಸಿದಾಗ ನೀವು ಕಚೇರಿಯಿಂದ ರೇಡಿಯೋದಲ್ಲಿ, "ಮಳೆ ಎಲ್ಲಿದೆ? ಬೆಳಿಗ್ಗೆ ಪ್ರವಾಸಿಗರನ್ನ ಒಳಗೆ ಕರ್ಕೊಂಡು ನಡಿ" ಅಂದಿರಿ. ಊಟದ ಹೊತ್ತಿಗೆ ನಮ್ಮ ತಂಡದ ಹತ್ತು ಜನ ಹೊರೆ ಹೊರುವವರಿಗೆ ಅಪ್ಪನ ಮಾತು ಹೇಳಿದೆ. ಅವರಲ್ಲೊಬ್ಬ, ಲಾಮ್, ನಕ್ಕ: "ಅಕ್ಕಾ, ಗವಿಗೆ ನೆಗಡಿಯಾಗಿ ಮೂಗು ಕಟ್ಟಿರ್ಬೇಕು. ಒಂದಿಷ್ಟು ಶುಂಠಿ ಕುಡಿಸು!"

ದಾರಿ ತೋರಿಸುವ ಕೆಲಸದಿಂದ ನನ್ನನ್ನು ತೆಗೆದರೆ ತೆಗೆಯಿರಿ. ನನ್ನ ಬದಲು ಬೇರೆಯವರನ್ನು ಮಾತ್ರ ಒಳಗೆ ಕಳಿಸಬೇಡಿ. ಎರಡು ದಿನಕ್ಕಾಗುವಷ್ಟು ಅಕ್ಕಿ, ಒಣಮೀನು ಕಳಿಸಿ.

ಇವತ್ತು ಬೆಳಿಗ್ಗೆ ಗವಿಯ ಬಾಯಲ್ಲಿ ಗವಿದೇವರಿಗೆ ಊದುಬತ್ತಿ ಹಚ್ಚುವ ಸರದಿ ಲಾಮನದು. ಹೊಗೆ ನೂಲಿನಂತೆ ನೆಟ್ಟಗೆ ಮೇಲೇರಿತು. ಅವನು ತನ್ನ ಹೊರೆ ಇಳಿಸಿದ. ಆಮೇಲೆ ಉಳಿದ ಒಂಬತ್ತು ಜನರೂ ಇಳಿಸಿದರು. ಗವಿ ಮತ್ತೆ ಉಸಿರು ಬಿಟ್ಟು ಹೊಗೆ ನಮ್ಮ ಕಡೆ ಬಾಗುವವರೆಗೆ ಎಲ್ಲರೂ ಇಲ್ಲೇ ಕೂತಿರುತ್ತೇವೆ.

ನಿಮ್ಮ ತಂಗಿ,
ಥೋವಾ