ಪೂರ್ವಾಳ ಲೆಹರಾ

ಶಿವಬಸವ ನಗರ, ಬೆಳಗಾವಿ
ಸೋಮವಾರ, 18 ನವೆಂಬರ್ 2024

ಮುಗ್ಧಾ,

ನಿನ್ನ ಪತ್ರ ತಲುಪಿತು. ನೀನು ಮರಾಠಿಯಲ್ಲಿ ಬರೆಯುವುದು, ನಾನು ಕನ್ನಡದಲ್ಲಿ ಉತ್ತರಿಸುವುದು ನಮ್ಮ ಮದುವೆಗೂ ಮೊದಲಿನ ರೂಢಿ. ಮಗಳು ಪೂರ್ವಾಳನ್ನು ನನ್ನ ಬಳಿ ಬಿಟ್ಟು ನೀನು ಖಾನಾಪುರದ ತವರಿಗೆ ಹೋದ ಮೇಲೂ ಅದೊಂದು ಉಳಿದಿದೆ. ಫೋನಿನಲ್ಲಾದರೆ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತೇವೆ.

ನೀನು ಬರೆದಿರುವುದು ಎರಡು ಮಾತು. ಬರುವ ಭಾನುವಾರ ನಿಮ್ಮೂರಿನ ಸಭಾಗೃಹದಲ್ಲಿ ಪೂರ್ವಾ ಮೊದಲ ಸಲ ಜನರೆದುರು ತಬಲಾ ನುಡಿಸುವಾಗ ನಾನು ಹಾರ್ಮೋನಿಯಂ ಹಿಡಿದು ಪಕ್ಕದಲ್ಲಿ ಕೂರಬಾರದು, ಮೊಬೈಲಿನ ಲೆಹರಾ ಸಾಕು ಎಂಬುದು ಒಂದು. ವಕೀಲರನ್ನು ಕಂಡು ಬೇರೆಯಾಗುವ ಕೆಲಸ ಮುಗಿಸೋಣ, ಪೂರ್ವಾಳ ಪರೀಕ್ಷೆ ಆಗಲಿ ಎಂದು ಇನ್ನೆಷ್ಟು ವರ್ಷ ತಳ್ಳುತ್ತೀ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರಿಸುವುದು ನನಗೆ ಯಾವಾಗಲೂ ಕಷ್ಟ. ಮೊದಲನೆಯದನ್ನು ಬರೆಯುತ್ತೇನೆ.

ನೀನು ಖಾಸಬಾಗದ ತಬಲಾ ಕ್ಲಾಸಿಗೆ ಬಂದವಳಲ್ಲ. ಹಾಗಾಗಿ ಅಲ್ಲಿ ನನ್ನ ಕೆಲಸವೇನೆಂದು ಹೇಳಬೇಕು. ತಬಲಾದವರು ತಮ್ಮ ಲೆಕ್ಕ ಹಿಡಿದು ಎಲ್ಲೆಲ್ಲೋ ಹೋಗಿ ಬರುತ್ತಾರೆ. ಅಷ್ಟು ಹೊತ್ತೂ ಹಾರ್ಮೋನಿಯಂ ಒಂದೇ ಸಾಲನ್ನು ಒಂದೇ ವೇಗದಲ್ಲಿ ಸುತ್ತಿ ಸುತ್ತಿ ನುಡಿಸುತ್ತಿರಬೇಕು. ಅದೇ ಲೆಹರಾ. ಸುತ್ತು ಶುರುವಾಗುವ ಮಾತ್ರೆಗೆ ಸಮ್ ಎನ್ನುತ್ತಾರೆ. ದೂರ ಹೋದವರು ಅಲ್ಲಿಗೇ ಬಂದು ಸೇರಬೇಕು. ಲೆಹರಾ ಹಿಡಿದವನನ್ನು ಯಾರೂ ಹೊಗಳುವುದಿಲ್ಲ. ಅವನು ತಪ್ಪಿದಾಗ ಮಾತ್ರ ಎಲ್ಲರೂ ಅವನತ್ತ ನೋಡುತ್ತಾರೆ.

ಮೊದಲು ಲೆಹರಾ ನುಡಿಸುತ್ತಿದ್ದ ಸೋಮಲಿಂಗನಿಗೆ ಧಾರವಾಡಕ್ಕೆ ವರ್ಗವಾಯಿತು. ಭಾನುವಾರಗಳಲ್ಲಿ ಮಗಳನ್ನು ಕ್ಲಾಸಿಗೆ ಬಿಟ್ಟು ಹೊರಗೆ ಕೂರುತ್ತಿದ್ದ ನಾನು ಒಳಗೆ ಹೋಗಿ ಕೂತೆ. ಈ ವಯಸ್ಸಿನಲ್ಲಿ ಹೊಸದಾಗಿ ಏನನ್ನಾದರೂ ಕಲಿಯುವುದು ಎಂದರೆ ತನ್ನ ಬಗ್ಗೆ ತನಗೆ ಬೇಡವಾದ ಸಂಗತಿಗಳು ತಿಳಿಯುವುದು. ಸುಲಭವಾದ ಕಡೆ ನಾನು ಓಡುತ್ತಿದ್ದೆ. ಬೆರಳು ಬದಲಿಸುವ ಕಡೆ ಎಳೆಯುತ್ತಿದ್ದೆ. ಎರಡೂ ನನಗೆ ಸರಿಯಾಗಿಯೇ ಕೇಳಿಸುತ್ತಿದ್ದವು. ತಾಳ ಹಿಡಿಯಲೆಂದು ಕಾಲು ಕುಟ್ಟಿದೆ. ಚನ್ನಬಸಯ್ಯ ಮಾಸ್ತರರು ಸ್ವಲ್ಪ ಹೊತ್ತು ನೋಡಿ, ‘ಸಾಹೇಬ್ರ, ನಿಮ್ಮ ಕಾಲು ಭಾಳ ಸಾಧು ಐತ್ರಿ. ನೀವು ತಪ್ಪಿದ ಕಡೆ ಅದೂ ತಪ್ಪತೈತಿ’ ಎಂದರು. ಹುಡುಗರು ನಕ್ಕರು. ಅಂದಿನಿಂದ ಕಾಲನ್ನು ಬಿಗಿಯಾಗಿ ಮಡಚಿ ಕೂತು, ಬಾಯಲ್ಲಿ ಮಾತ್ರೆ ಎಣಿಸುತ್ತ ಬೆರಳನ್ನು ಅದರ ಹಿಂದೆ ನಡೆಸಿದೆ. ದೀಪಾವಳಿಯ ಹೊತ್ತಿಗೆ ಎಣಿಸುವುದನ್ನು ಬಿಟ್ಟರೂ ಕೈ ಲಯದಲ್ಲಿ ನಿಲ್ಲತೊಡಗಿತು.

ನೀನು ಕೇಳಿಸಿಕೊಂಡಿರುವ ಸುದ್ದಿ ನಿಜ. ಹೋದ ವಾರ ತಾಲೀಮಿನಲ್ಲಿ ನಾನು ಕೆಡಿಸಿದೆ. ಕೊನೆಗೆ ಪೂರ್ವಾ ಒಂದೇ ಬೋಲನ್ನು, ಅಂದರೆ ಪೆಟ್ಟುಗಳ ಒಂದೇ ಸಾಲನ್ನು, ಮೂರು ಸಲ ನುಡಿಸಿ, ಕಟ್ಟಕಡೆಯ ಪೆಟ್ಟನ್ನು ಸಮ್ ಮೇಲೆ ಇಳಿಸಬೇಕು. ಎರಡನೆಯ ಸಲದ ಹೊತ್ತಿಗೆ ಅವಳ ಹುಬ್ಬು ಗಂಟಿಕ್ಕಿತು. ತಡವಾಗುತ್ತಾಳೆ ಎನ್ನಿಸಿತು. ನಾನು ಒಂದು ಸ್ವರವನ್ನು ಒಂದಿಷ್ಟೇ ಹಿಡಿದು ನಿಲ್ಲಿಸಿದೆ, ಅವಳು ಬರಲಿ ಎಂದು. ಅವಳು ತಡವಾಗಿರಲೇ ಇಲ್ಲ. ಅವಳ ಪೆಟ್ಟು ಸರಿಯಾದ ಜಾಗದಲ್ಲಿ ಬಿತ್ತು. ಆ ಜಾಗದಲ್ಲಿ ನಾನಿರಲಿಲ್ಲ.

ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವಳು ತಬಲಾದ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದಳು. ‘ಪಪ್ಪಾ, ನನ್ನ ಸಲುವಾಗಿ ನೀವ ಸರದ್ರ, ನಾ ಎಲ್ಲಿ ಬಂದು ಸೇರ್ಲಿ?’ ಎಂದಳು.

ಮಾಸ್ತರರು ಚಹಾ ತರಿಸಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ಅವಳ ಮುಖ ನೋಡಬ್ಯಾಡ್ರಿ ಎಂದಷ್ಟೇ ಅಂದರು. ನೀನು ಕೇಳಿಸಿಕೊಂಡದ್ದು ಇಷ್ಟು. ನಿನ್ನೆಯದು ನಿನಗೆ ಗೊತ್ತಿರಲಾರದು.

ನಿನ್ನೆ ಅದೇ ಕಡೆ ಅವಳು ನಿಜವಾಗಿಯೂ ತಪ್ಪಿದಳು. ಪೆಟ್ಟು ಸಮ್ ದಾಟಿ ಬಿತ್ತು. ಮುಂದಿನ ಬೋಲನ್ನು ಆ ತಪ್ಪಿನ ಮೇಲೆಯೇ ಎತ್ತಿಕೊಂಡಳು, ಅದೂ ಹೊರಗುಳಿಯಿತು. ಅವಳ ಉಸಿರು ನನಗೆ ಕೇಳಿಸುತ್ತಿತ್ತು. ಒಂದು ಸ್ವರ ಎಳೆದಿದ್ದರೆ ಸಾಕು, ಹೊರಗಿನವರಿಗೆ ತಿಳಿಯದ ಹಾಗೆ ಅವಳನ್ನು ಒಳಗೆ ತಂದುಕೊಳ್ಳಬಹುದಿತ್ತು; ಅಷ್ಟು ಕೈಚಳಕ ಈಗ ನನಗೆ ಬಂದಿದೆ. ಗೋಡೆಯ ಮೇಲಿನ ಸ್ವಿಚ್ ಬೋರ್ಡನ್ನು ನೋಡುತ್ತ ಅದೇ ಸಾಲನ್ನು ನುಡಿಸಿದೆ. ಮಗಳು ಎಡವುತ್ತಿರುವಾಗ ಕೈ ಚಾಚದೆ ಕೂರುವುದು ಇಷ್ಟು ದೈಹಿಕವಾದ ನೋವೆಂದು ನನಗೆ ಗೊತ್ತಿರಲಿಲ್ಲ. ಭುಜ ಇನ್ನೂ ನೋಯುತ್ತಿದೆ.

ಅವಳು ನುಡಿಸುವುದನ್ನು ನಿಲ್ಲಿಸಿದಳು. ಕೋಣೆಯಲ್ಲಿ ಲೆಹರಾ ಒಂದೇ ಉಳಿಯಿತು. ಒಂದು ಸುತ್ತು ಸುಮ್ಮನೆ ಕೇಳಿದಳು. ಎರಡನೆಯ ಸುತ್ತಿಗೆ ತಾನಾಗಿ ಒಳಗೆ ಬಂದಳು. ನಾನು ತಿರುಗಿ ನೋಡಲಿಲ್ಲ. ಮಾಸ್ತರರು ಮಾತ್ರ, ಇಂದಿಗೆ ಸಾಕ್ರಿ ಎಂದು ಎದ್ದರು.

ಆದ್ದರಿಂದ ಮುಗ್ಧಾ, ಭಾನುವಾರ ನಾನು ಬರುತ್ತೇನೆ, ವೇದಿಕೆಯ ಮೇಲೆ ಕೂರುತ್ತೇನೆ. ಇದು ಪೂರ್ವಾಳ ಆಸೆ. ನಿನಗೆ ಹೇಳಲು ಅವಳಿಗೆ ಧೈರ್ಯ ಸಾಲದ್ದರಿಂದ ನಾನು ಬರೆಯುತ್ತಿದ್ದೇನೆ. ಮೊಬೈಲಿನ ಲೆಹರಾ ತಪ್ಪುವುದಿಲ್ಲ, ಒಪ್ಪುತ್ತೇನೆ. ಅವಳು ತಪ್ಪಿದಳೆಂಬುದೂ ಅದಕ್ಕೆ ತಿಳಿಯುವುದಿಲ್ಲ. ತಿಳಿದೂ ಅಲುಗದವರು ಒಬ್ಬರು ಪಕ್ಕದಲ್ಲಿರಬೇಕು ಎಂದು ಅವಳಿಗೆ ಅನ್ನಿಸಿದೆ. ನಿಮ್ಮ ಮನೆಯವರ ಸಾಲಿನಲ್ಲಿ ನನಗಾಗಿ ಕುರ್ಚಿ ಹಿಡಿಯುವುದು ಬೇಡ. ಪೂರ್ವಾ ಶನಿವಾರವೇ ನಿನ್ನಲ್ಲಿಗೆ ಬರುತ್ತಾಳೆ; ನಾನು ಭಾನುವಾರ ನೇರವಾಗಿ ಸಭಾಗೃಹಕ್ಕೆ ಬಂದು, ಕಾರ್ಯಕ್ರಮ ಮುಗಿದ ಮೇಲೆ ಬಸ್ಸಿಗೆ ಹೋಗುತ್ತೇನೆ.

ಚಳಿ ಬಿದ್ದಿದೆ. ನಿನ್ನ ಮೊಣಕಾಲು ನೋಡಿಕೋ.

ವಿಕ್ರಮ

ತಾ.ಕ.: ಡಿಸೆಂಬರ್ ಮೊದಲ ವಾರ ವಕೀಲರ ಬಳಿ ಹೋಗೋಣ, ದಿನ ನೀನೇ ಗೊತ್ತು ಮಾಡು. ನಿನ್ನೆ ಕ್ಲಾಸಿನಿಂದ ಮನೆಗೆ ಬಂದ ಮೇಲೆ ಪೂರ್ವಾಳಿಗೆ ನಾನೇ ಹೇಳಿದೆ. ಅತ್ತಳು. ಪರೀಕ್ಷೆ ಮುಗಿಯುವ ತನಕವಾದರೂ ತಡೆಯಿರಿ ಎಂದು ಕೇಳಿಕೊಂಡಳು. ಇಲ್ಲ ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದು, ‘ಭಾನುವಾರ ಎಷ್ಟಕ್ಕ ಬರ್ತೀರಿ? ಶ್ರುತಿ ಹಚ್ಚಾಕ ವ್ಯಾಳ್ಯಾ ಬೇಕು’ ಎಂದಳು.