ರೀಲಿನ ಕೊನೆಯ ಎರಡು ನಿಮಿಷ

ಮನೆಯಿಂದ,
ಮಾರ್ಚ್ ೪, ಮಂಗಳವಾರ

ನನ್ನ ಮೊಂಡಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಕೆಮ್ಮು ಹೇಗಿದೆ? ಊರಿಗೆಲ್ಲ ಔಷಧಿ ಕುಡಿಸುವ ನರ್ಸಮ್ಮ ತನ್ನ ಗಂಟಲಿಗೆ ಒಂದು ಲೋಟ ಬಿಸಿನೀರು ಕಾಯಿಸಿಕೊಳ್ಳುವುದಿಲ್ಲವೆಂದು ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಪೆನ್ನಿನ ತಪ್ಪು. ಈ ವಾರ ಮೂರು ಸಲ ಫೋನ್ ಮಾಡಿ, ನೀನು ಹಲೋ ಎಂದ ಕೂಡಲೇ ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆನಲ್ಲ, ಆಗ ಬಾಯಿಗೆ ಬಾರದ್ದನ್ನು ಬರೆಯಲು ಕೂತಿದ್ದೇನೆ. ಒಬ್ಬಳೇ ಇದ್ದಾಗ ಓದು.

ನಿನ್ನ ಅತ್ತಿಗೆ ಕೆಲಸ ಮಾಡುವ ಕಲಾ ಸಂಗ್ರಹಾಲಯದಲ್ಲಿ ತಿಂಗಳಿಗೊಂದು ಶನಿವಾರ ಊರಿನವರ ಮನೆಗಳ ಹಳೆಯ ಸಿನಿಮಾ ರೀಲುಗಳನ್ನು ತೋರಿಸುತ್ತಾರೆ. ಮೊದಲು ಶಿಲ್ಪಗಳ ಹಜಾರದಲ್ಲಿ ಚಹಾ, ಬಿಸ್ಕತ್ತು, ಹರಟೆ, ಆಮೇಲೆ ಪರದೆ. ಆ ರೀಲುಗಳಿಗೆ ಮಾತಿಲ್ಲ. ಅದಕ್ಕೆ ಆಯಾ ಮನೆಯ ಹಿರಿಯರೇ ಉದ್ದನೆಯ ಕೋಲು ಹಿಡಿದು ಪರದೆಯ ಪಕ್ಕ ನಿಂತು, ಇವರು ಇಂಥವರು, ಇವಳು ಇಂಥವರ ಮಗಳು ಎಂದು ಒಬ್ಬೊಬ್ಬರನ್ನೇ ತೋರಿಸಬೇಕು. ಯಾರನ್ನಾದರೂ ಬಿಟ್ಟರೆ ಕೂತವರೆಲ್ಲ "ಅದ್ಯಾರು? ಅದ್ಯಾರು?" ಎಂದು ಕೂಗುತ್ತಾರೆ. ಅದೇ ಅಲ್ಲಿಯ ಮೋಜು.

ಹದಿನೈದನೇ ತಾರೀಖು ನಮ್ಮ ಸರದಿ. ನಿಮ್ಮಪ್ಪ ಗಡಿಯಾರದ ಅಂಗಡಿ ತೆರೆದ ದಿನ ತೆಗೆದ ರೀಲು ಪೆಟ್ಟಿಗೆಯಲ್ಲಿತ್ತು. ನೋಡದೆಯೇ ಕೊಟ್ಟೆ, ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದೆ. ಜಂಬ, ಇನ್ನೇನು! ನಿನ್ನ ಅತ್ತಿಗೆ ನೆಂಟರಿಗೆಲ್ಲ ಆಮಂತ್ರಣ ಕಳಿಸಿದ್ದಾಳೆ. ನೀನು ರೈಲಿಳಿದು ನೇರವಾಗಿ ಅಲ್ಲಿಗೇ ಬರುತ್ತೀಯಂತೆ.

ಮೊನ್ನೆ ಮಧ್ಯಾಹ್ನ ಪ್ರೊಜೆಕ್ಟರಿನವನು ತಾಲೀಮಿಗೆ ಕರೆದ. ಅಂಗಡಿ ಬಂತು, ಅಪ್ಪನ ಮೀಸೆ ಬಂತು, ನಿನ್ನ ಅಣ್ಣ ತೋಳಿನಿಂದ ಮೂಗು ಒರೆಸಿಕೊಂಡ. ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಉಳಿದಿದ್ದ ಎರಡು ನಿಮಿಷದ ಫಿಲ್ಮಿನಲ್ಲಿ ಅಪ್ಪ ನಮ್ಮ ಹಿತ್ತಲನ್ನು ತೆಗೆದಿದ್ದರು. ನೀನು ಹುಟ್ಟುವುದಕ್ಕೆ ಹಿಂದಿನ ತಿಂಗಳು. ನಾನು ಬಟ್ಟೆ ಒಣಹಾಕುತ್ತಿದ್ದೇನೆ. ನೀನು ಫೋಟೊದಲ್ಲಷ್ಟೇ ಕಂಡಿರುವ ನಿನ್ನ ಚಿಕ್ಕಮ್ಮ, ನನ್ನ ತಂಗಿ, ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಾಳೆ. ಕೋಲು ಕೈಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಆ ಸದ್ದಿಗೆ ಕಾವಲುಗಾರ ಓಡಿಬಂದ.

"ಯಾಕಮ್ಮಾ, ಹೀಗೆ ಬೆವರ್ತಿದೀರಿ? ಬೇಡ ಅಂದ್ರೆ ಹೇಳಿ, ಆ ತುಂಡಿಗೆ ಕತ್ತರಿ ಹಾಕ್ತೀನಿ. ಯಾರಿಗ್ ಗೊತ್ತಾಗುತ್ತೆ?" ಎಂದ ಪ್ರೊಜೆಕ್ಟರಿನವನು. ಹೂಂ ಎಂದೆ. ಅವನು ಕತ್ತರಿ ಎತ್ತಿಕೊಂಡಾಗ ನಾನೇ ಅವನ ಮಣಿಕಟ್ಟು ಹಿಡಿದೆ. ಕತ್ತರಿಸದೆ, ಅಲ್ಲಿಗೇ ನಿಲ್ಲಿಸು ಎನ್ನಬಹುದಿತ್ತು. ಆದರೆ ಅವಳನ್ನು ಒಮ್ಮೆ ಬಚ್ಚಿಟ್ಟವಳು ನಾನು. ಎರಡನೇ ಸಲ ಮನಸ್ಸು ಬರಲಿಲ್ಲ.

ನಿಮ್ಮ ಶಾಲೆಯ ಹೆಡ್‌ಮಾಸ್ತರನ್ನೇ ಗದರಿಸಿದವಳು ನಾನು. ಈಗ ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಕಿಟಕಿಯಿಂದ ಇಣುಕಿ ನೋಡುತ್ತೇನೆ. ಅಷ್ಟು ಜನರ ನಡುವೆ, ನನಗಿಂತ ಮೊದಲು ಆ ಪರದೆ ನಿನಗೆ ಹೇಳಿಬಿಟ್ಟರೆ ಎಂಬ ಒಂದೇ ಹೆದರಿಕೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ತಲೆಯ ಮೇಲೆ ಕೈಯಿಟ್ಟು,

ಅಮ್ಮ

ಮರೆತಿದ್ದೆ. ಮರೆತದ್ದಲ್ಲ, ಧೈರ್ಯ ಬರಲಿಲ್ಲ. ಅಂಚೆ ಡಬ್ಬ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಎರಡು ನಿಮಿಷದಲ್ಲಿ ತುಂಬಿದ ಬಸುರಿ ನಾನಲ್ಲ, ಚಿಕ್ಕಮ್ಮ. ಅವಳಿಗೆ ಮದುವೆಯಾಗಿರಲಿಲ್ಲ. ನಾಲ್ಕು ತಿಂಗಳು ಅವಳನ್ನು ಮುಂಬಾಗಿಲ ಹೊಸ್ತಿಲು ದಾಟಲು ಬಿಡಲಿಲ್ಲ ನಾನು. ನಿನ್ನನ್ನು ಹೆತ್ತ ಒಂಬತ್ತನೇ ದಿನ ಹೋದಳು. ಜ್ವರದಿಂದ ಹೋದಳೆಂದು ನಿನಗೆ ಹೇಳಿದ್ದು ನಿಜ. ಯಾವ ಜ್ವರವೆಂದು ಹೇಳಲಿಲ್ಲ. ಶನಿವಾರ ನೇರವಾಗಿ ಅಲ್ಲಿಗೆ ಬರಬೇಡ. ಶುಕ್ರವಾರವೇ ಮನೆಗೆ ಬಾ. ಬೈಯುವುದಿದ್ದರೆ ಬೈ, ಎದುರಾಡುವುದಿಲ್ಲ. ಮಾರನೆಯ ದಿನ ಕೋಲು ಅವಳ ಮೇಲೆ ನಿಂತು ಜನ "ಅದ್ಯಾರು?" ಎಂದು ಕೂಗಿದಾಗ ನಾನು ಏನು ಹೇಳಬೇಕು, ನೀನೇ ಹೇಳಿಕೊಡು.